ನಡೆದದ್ದೆಷ್ಟು, ಹೊಲ ಮುಟ್ಟಿದ್ದೆಷ್ಟು?

ಓದುಗರ ಪ್ರಶ್ನೆ | ಈ ಸಲ: ಮಳೆ ಕೈಕೊಟ್ಟ ರೈತರಿಗಾಗಿ ಪ್ರಾಯೋಜಿತ ನಡಿಗೆ

‘ನಾನು ಇಷ್ಟು ಕಿಲೋಮೀಟರ್ ನಡೆಯುತ್ತೇನೆ, ಕಿಲೋಮೀಟರಿಗೆ ಇಷ್ಟು ಕೊಡಿ’ ಎಂದು ಬಂಧುಮಿತ್ರರನ್ನು ಕೇಳಿ ಒಳ್ಳೆಯ ಕೆಲಸಕ್ಕೆ ಹಣ ಕೂಡಿಸುವ ಪದ್ಧತಿ ಪಶ್ಚಿಮದಲ್ಲಿ ಹಳೆಯದು. ಅಮೆರಿಕದಲ್ಲಿ ಹಸಿದವರಿಗಾಗಿ ನಡೆಯುವ ‘ಕ್ರಾಪ್ ವಾಕ್’ 1969ರಿಂದ ಇದೆ. 1981ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಗೂರ್ಖಾ ಸೈನಿಕರ ತರಬೇತಿಯಾಗಿ ಶುರುವಾದ ‘ಟ್ರೇಲ್‌ವಾಕರ್’, ಅಂದರೆ ನಾಲ್ವರ ತಂಡ 48 ಗಂಟೆಯೊಳಗೆ 100 ಕಿ.ಮೀ. ನಡೆಯುವ ಸವಾಲು, ಕೆಲವು ವರ್ಷ ಬೆಂಗಳೂರಿನ ಹೊರವಲಯದಲ್ಲೂ ನಡೆಯಿತು. ಈಗ ಅಪಾರ್ಟ್‌ಮೆಂಟ್ ಸಂಘಗಳು, ಕಾಲೇಜು ಹಳೆ ವಿದ್ಯಾರ್ಥಿಗಳು, ಕಚೇರಿ ತಂಡಗಳು ತಾವೇ ಇಂಥದ್ದನ್ನು ಕಟ್ಟುತ್ತಿವೆ. ಬಂದ ಪ್ರಶ್ನೆಗಳಲ್ಲಿ ಆಯ್ದವು ಇಲ್ಲಿವೆ.

ಪ್ರಶ್ನೆ: ನಾವು ಅರವತ್ತು ಮಂದಿ. ಜೂನ್ 5ರ ಪರಿಸರ ದಿನ ಶುರುಮಾಡಿ ಒಂದು ತಿಂಗಳು ನಡೆದು, ಬಂದ ಹಣದಲ್ಲಿ ಚಿತ್ರದುರ್ಗದ ಕಡೆ ಕೃಷಿ ಹೊಂಡ (ಹೊಲದಲ್ಲಿ ಮಳೆನೀರು ಕೂಡಿಡುವ ಗುಂಡಿ) ತೋಡಿಸುವ ಆಸೆ. ಹೇಗೆ ಯೋಜಿಸಬೇಕು? (ಬೆಂಗಳೂರು)

ಆಸೆ ಸರಿ, ತಿಂಗಳು ತಪ್ಪು. ಜೂನ್ 5 ಎಂದರೆ ರೋಹಿಣಿ ಮಳೆ ಮುಗಿದು ಮೃಗಶಿರಾ ಹುಟ್ಟುವ ಹೊತ್ತು. ಹೊಲದಲ್ಲಿ ಹರಗುವ ಕುಂಟೆ, ಬಿತ್ತುವ ಕೂರಿಗೆ ಓಡಾಡುತ್ತಿರುತ್ತವೆ. ನಿಮ್ಮ ನಡಿಗೆ ಜುಲೈನಲ್ಲಿ ಮುಗಿದು, ಹೇಳಿದವರಿಂದ ಹಣ ವಸೂಲಾಗಿ, ಹೊಲದಲ್ಲಿ ಕೆಲಸ ಮಾಡಿಸುವ ಸ್ವಯಂಸೇವಾ ಸಂಸ್ಥೆಯ ಖಾತೆ ಸೇರುವಷ್ಟರಲ್ಲಿ ಆಗಸ್ಟ್ ಬಂದಿರುತ್ತದೆ. ಆಗ ನಿಂತ ಬೆಳೆಯ ಮೇಲೆ ಯಂತ್ರ ಇಳಿಸಲು ಯಾವ ರೈತರೂ ಒಪ್ಪುವುದಿಲ್ಲ. ಒಪ್ಪಿದರೂ ಹಸಿ ಮಣ್ಣಿನಲ್ಲಿ ಯಂತ್ರ ಹೂತುಕೊಳ್ಳುತ್ತದೆ, ತೋಡಿದ ಗೋಡೆ ಕುಸಿಯುತ್ತದೆ. ಹಣ ಮುಂದಿನ ಬೇಸಿಗೆವರೆಗೆ ಬ್ಯಾಂಕಿನಲ್ಲೇ ಕೂರುತ್ತದೆ.

ಲೆಕ್ಕವನ್ನು ಮಳೆಯಿಂದ ಹಿಂದಕ್ಕೆ ಹಾಕಿ. ಹೊಂಡ ಮೇ ಮಧ್ಯದೊಳಗೆ ಮುಗಿಯಬೇಕು, ಏಕೆಂದರೆ ಮುಂಗಾರು ಪೂರ್ವದ ಬಿರುಮಳೆಯೇ ಅದರ ಮೊದಲ ನೀರು. ಹಾಗಾದರೆ ತೋಡುವುದು ಏಪ್ರಿಲ್‌ನಲ್ಲಿ. ಜಾಗ ನೋಡುವುದು, ರೈತರ ಜೊತೆ ಕರಾರು, ದರಪಟ್ಟಿ ತರಿಸುವುದು ಮಾರ್ಚ್‌ನಲ್ಲಿ. ಹಣ ಕೈಯಲ್ಲಿರಬೇಕಾದ್ದು ಫೆಬ್ರುವರಿ ಕೊನೆಗೆ. ಅಲ್ಲಿಗೆ ನಡಿಗೆಗೆ ಉಳಿದದ್ದು ಜನವರಿ. ಸಂಕ್ರಾಂತಿಯ ಹೊತ್ತಿಗೆ ರಾಗಿ ಕೊಯ್ಲಾಗಿ ರೈತರಿಗೂ ನಿಮ್ಮ ಜೊತೆ ಕೂತು ಮಾತಾಡಲು ಬಿಡುವಿರುತ್ತದೆ, ಬೆಂಗಳೂರಿನ ಬೆಳಗು ತಂಪಾಗಿರುತ್ತದೆ, ಮಾರ್ಚ್ 31ರೊಳಗೆ ಕೊಟ್ಟ ಹಣ ಅದೇ ವರ್ಷದ ತೆರಿಗೆ ಲೆಕ್ಕಕ್ಕೂ ಬರುತ್ತದೆ. ತಂಡ ಕಟ್ಟುವುದು, ಸಂಸ್ಥೆ ಹುಡುಕುವುದು ನವೆಂಬರ್‌ನಲ್ಲೇ ಆಗಲಿ.

ನಿಮ್ಮ ರೈತರು ವಿಜಯಪುರ, ಬಾಗಲಕೋಟೆಯ ಎರೆಭೂಮಿಯವರಾದರೆ ಪಂಚಾಂಗ ಬೇರೆ. ಅಲ್ಲಿನ ಮುಖ್ಯ ಬೆಳೆ ಹಿಂಗಾರಿ ಜೋಳ, ಕಡಲೆ. ಬಿತ್ತನೆ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್‌ವರೆಗೆ. ಬೀಜಕ್ಕೆ ಹಣ ಕೂಡಿಸುವುದಾದರೆ ಜೂನ್, ಜುಲೈ ನಡಿಗೆಯೂ ನಡೆದೀತು. ಬದು ಕಟ್ಟಿಸುವುದಾದರೆ ಮಾತ್ರ ಅಲ್ಲಿಯೂ ಬೇಸಿಗೆಯೇ.

ಪ್ರಶ್ನೆ: ಗುರಿಯನ್ನು ಹೆಜ್ಜೆಯಲ್ಲಿ ಇಡಬೇಕೋ ಕಿಲೋಮೀಟರ್‌ನಲ್ಲೋ? ಒಬ್ಬೊಬ್ಬರ ಫೋನು ಒಂದೊಂದು ಲೆಕ್ಕ ಹೇಳುತ್ತಿದೆ. (ಮೈಸೂರು)

ಕಿಲೋಮೀಟರ್‌ನಲ್ಲಿ ಇಡಿ. ದಿನಕ್ಕೆ 10,000 ಹೆಜ್ಜೆ ಎಂಬುದು 1965ರಲ್ಲಿ ಜಪಾನಿನ ಹೆಜ್ಜೆ ಎಣಿಸುವ ಯಂತ್ರದ ಮಾರಾಟಕ್ಕೆಂದು ಬಂದ ಸಂಖ್ಯೆ, ವೈದ್ಯಕೀಯ ಲೆಕ್ಕದಿಂದ ಬಂದದ್ದಲ್ಲ. ಹೆಜ್ಜೆಯಲ್ಲಿ ಎಣಿಸಿದರೆ ಗಿಡ್ಡ ಇರುವವರಿಗೆ ಸುಲಭ, ಎತ್ತರದವರಿಗೆ ನಷ್ಟ. ಹೆಜ್ಜೆಯ ಉದ್ದ ಸುಮಾರಾಗಿ ಎತ್ತರದ ನೂರಕ್ಕೆ 41 ಭಾಗ. 160 ಸೆಂ.ಮೀ. ಎತ್ತರದವರಿಗೆ ಅದು 66 ಸೆಂ.ಮೀ., ಹತ್ತು ಸಾವಿರ ಹೆಜ್ಜೆಗೆ 6.6 ಕಿ.ಮೀ. 175 ಸೆಂ.ಮೀ.ನವರಿಗೆ 7.2 ಕಿ.ಮೀ.

ಫೋನಿನ ತಪ್ಪುಗಳಿಗೆ ಕಾರಣ ಗೊತ್ತಿದ್ದರೆ ಜಗಳ ಕಡಿಮೆ. ಕೈಚೀಲದಲ್ಲಿಟ್ಟರೆ, ಮಗುವಿನ ಗಾಡಿಯಲ್ಲಿಟ್ಟು ತಳ್ಳುತ್ತ ನಡೆದರೆ ಹೆಜ್ಜೆ ಕಡಿಮೆ ಬೀಳುತ್ತದೆ. ಹಾಳು ರಸ್ತೆಯಲ್ಲಿ ಆಟೋ ಕುಲುಕಾಟವೂ ಒಮ್ಮೊಮ್ಮೆ ಹೆಜ್ಜೆಯಾಗುತ್ತದೆ. ಜಿಪಿಎಸ್ ದಟ್ಟ ಮರಗಳಡಿ, ಎತ್ತರದ ಕಟ್ಟಡಗಳ ನಡುವೆ ಅಡ್ಡಾದಿಡ್ಡಿ ಗೆರೆ ಎಳೆದು ದೂರ ಹೆಚ್ಚಿಸುತ್ತದೆ. ಹೀಗಾಗಿ ಎಲ್ಲರೂ ಮೊದಲೇ 400 ಮೀಟರ್ ಓಟದ ಪಥದ ಒಳಗೆರೆಯಲ್ಲಿ ಐದು ಸುತ್ತು ನಡೆಯಲಿ. ಅದು ಸರಿಯಾಗಿ 2 ಕಿ.ಮೀ. ಫೋನು 2.2 ಎಂದರೆ ಆ ವ್ಯಕ್ತಿಯ ಲೆಕ್ಕವನ್ನು ಕೊನೆಯಲ್ಲಿ 1.1ರಿಂದ ಭಾಗಿಸಿ. ಇಷ್ಟಾದ ಮೇಲೂ ದಿನಕ್ಕೆ 15 ಕಿ.ಮೀ. ಮೀರಿದ್ದನ್ನು ಗಣನೆಗೆ ತೆಗೆದುಕೊಳ್ಳುವುದಿಲ್ಲ ಎಂಬ ನಿಯಮ ಇರಲಿ. ಉತ್ಸಾಹಿಗಳ ಮೊಣಕಾಲು, ಪ್ರಾಯೋಜಕರ ಜೇಬು ಎರಡೂ ಉಳಿಯುತ್ತವೆ.

ಪ್ರಶ್ನೆ: ಪ್ರಾಯೋಜಕರ ಹಾಳೆಯಲ್ಲಿ ಏನೇನು ಬರೆಸಿಕೊಳ್ಳಬೇಕು? ಹೋದ ಸಲ ಹೇಳಿದವರಲ್ಲಿ ಅನೇಕರು ಕೊಡಲೇ ಇಲ್ಲ. (ಹುಬ್ಬಳ್ಳಿ)

ಪೂರ್ಣ ಹೆಸರು, ಮನೆ ವಿಳಾಸ, ಫೋನು, ಪ್ಯಾನ್ ಸಂಖ್ಯೆ, ಕಿಲೋಮೀಟರಿಗೆ ಎಷ್ಟು, ಗರಿಷ್ಠ ಎಷ್ಟು, ಕೊಟ್ಟ ದಿನಾಂಕ, ರಸೀದಿ ಸಂಖ್ಯೆ. ಇವುಗಳಲ್ಲಿ ಜನ ಬಿಡುವುದು ‘ಗರಿಷ್ಠ’ದ ಕಾಲಂ, ವಸೂಲಿ ಕೆಡುವುದೂ ಅಲ್ಲೇ. ಕಿಲೋಮೀಟರಿಗೆ 10 ರೂಪಾಯಿ ಎಂದು ಲಘುವಾಗಿ ಹೇಳಿದವರು, ನೀವು 140 ಕಿ.ಮೀ. ನಡೆದು ಬಂದು 1,400 ಕೇಳಿದಾಗ ಫೋನು ಎತ್ತುವುದಿಲ್ಲ. ‘ಕಿ.ಮೀ.ಗೆ 5 ರೂ., 500ಕ್ಕೆ ಮೀರದಂತೆ’ ಎಂದು ಬರೆಸಿದರೆ ಇಬ್ಬರಿಗೂ ನಿರಾಳ. ಇನ್ನೂ ಒಳ್ಳೆಯದು ಅರ್ಧವನ್ನು ಮೊದಲೇ ಪಡೆಯುವುದು. ಮಿಕ್ಕದ್ದಕ್ಕೆ ನಡಿಗೆ ಮುಗಿದ ಮೂರು ದಿನದೊಳಗೆ ಮೊದಲ ಸಂದೇಶ, ಎರಡು ವಾರಕ್ಕೆ ಕೊನೆಯದು. ಆಮೇಲೆ ಕೇಳಬೇಡಿ, ನೆಂಟಸ್ತಿಕೆ ಕೆಡುತ್ತದೆ.

60 ಮಂದಿ, ತಲಾ ಎಂಟು ಪ್ರಾಯೋಜಕರು, ಒಬ್ಬೊಬ್ಬರಿಂದ 500 ಎಂದರೆ 2,40,000 ರೂಪಾಯಿ. ರೈತರಿಗೆ ಮಾತು ಕೊಡುವಾಗ ಕಾಲುಭಾಗ ಬಾರದು ಎಂದೇ ಎಣಿಸಿ 1,80,000ಕ್ಕೆ ಯೋಜನೆ ಹಾಕಿ. ಖರ್ಚನ್ನೂ ನೋಡಿಕೊಳ್ಳಿ. ಅರವತ್ತು ಟೀ ಶರ್ಟಿಗೆ ತಲಾ 250ರಂತೆ 15,000 ಆಗುತ್ತದೆ. ಮುಂದೆ ಹೊಂಡದ ಲೆಕ್ಕ ಓದಿದಾಗ ಅಷ್ಟರಲ್ಲಿ ಏನಾಗುತ್ತಿತ್ತು ಎಂಬುದು ತಿಳಿಯುತ್ತದೆ. ಬೇಕಾದವರು ತಮ್ಮ ದುಡ್ಡಿನಲ್ಲಿ ಹೊಲಿಸಿಕೊಳ್ಳಲಿ.

ಪ್ರಶ್ನೆ: ಸುಲಭವೆಂದು ನನ್ನ ಸ್ವಂತ ಯುಪಿಐ ಸಂಖ್ಯೆಗೇ ಹಣ ಹಾಕಿಸಿಕೊಂಡು, ಒಟ್ಟಾಗಿ ಸಂಸ್ಥೆಗೆ ಕಳಿಸಬಹುದೇ? (ದಾವಣಗೆರೆ)

ಬೇಡ. ಬಂಧುಗಳಲ್ಲದವರಿಂದ ಒಂದು ಆರ್ಥಿಕ ವರ್ಷದಲ್ಲಿ ಬಂದ ಕೊಡುಗೆ ಒಟ್ಟು 50,000 ರೂ. ದಾಟಿದರೆ ಆ ಪೂರ್ತಿ ಮೊತ್ತ ನಿಮ್ಮ ಆದಾಯ ಎಂದು ಪರಿಗಣಿಸಲ್ಪಡಬಹುದು, ಮೀರಿದ ಭಾಗ ಮಾತ್ರವಲ್ಲ. ಅದು ನಿಮ್ಮದಲ್ಲ ಎಂದು ಸಾಬೀತುಪಡಿಸುವ ಹೊರೆ ನಿಮ್ಮ ಮೇಲೆ. ಕೊಟ್ಟವರಿಗೂ ತೆರಿಗೆ ವಿನಾಯಿತಿ ಸಿಗುವುದಿಲ್ಲ, ಏಕೆಂದರೆ ಸಂಸ್ಥೆಯ ಪುಸ್ತಕದಲ್ಲಿ ದಾನಿಯಾಗಿ ಇರುವುದು ನಿಮ್ಮೊಬ್ಬರ ಹೆಸರು. ಸಂಸ್ಥೆಯ ಕ್ಯೂಆರ್ ಕೋಡನ್ನೇ ಹಂಚಿ, ಟಿಪ್ಪಣಿಯ ಜಾಗದಲ್ಲಿ ನಡೆಯುವವರ ಸಂಖ್ಯೆ ಹಾಕಲು ಹೇಳಿ (ನಡಿಗೆ 01, ನಡಿಗೆ 02 ಹೀಗೆ). ಯಾರ ಪಾಲಿಗೆ ಎಷ್ಟು ಬಂತು ಎಂಬುದು ಬ್ಯಾಂಕ್ ಪಟ್ಟಿಯಿಂದಲೇ ತಿಳಿಯುತ್ತದೆ.

ಹುಂಡಿ ಡಬ್ಬಿ ಹಿಡಿದು ಕುಲುಕುವುದನ್ನೂ ಆದಷ್ಟು ಬಿಡಿ. ಹೆಸರು ವಿಳಾಸ ಇಲ್ಲದ ದಾನ ಒಂದು ಮಿತಿ ಮೀರಿದರೆ ಸಂಸ್ಥೆ ಅದಕ್ಕೆ ಶೇ 30ರ ದರದಲ್ಲಿ ತೆರಿಗೆ ಕಟ್ಟಬೇಕಾಗುತ್ತದೆ.

ಪ್ರಶ್ನೆ: ದಾನಕ್ಕೆ ಆದಾಯ ತೆರಿಗೆ ವಿನಾಯಿತಿ ಕೊಡಿಸುವ 80ಜಿ ರಸೀದಿ ಸಿಕ್ಕರೆ ಎಷ್ಟು ಉಳಿತಾಯ? (ತುಮಕೂರು)

ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಏನೂ ಇಲ್ಲ. ಹಳೆಯ ಪದ್ಧತಿಯಲ್ಲಿರುವವರಿಗೆ ಸಾಮಾನ್ಯವಾಗಿ ದಾನದ ಅರ್ಧ ಮೊತ್ತ ಆದಾಯದಿಂದ ಕಳೆಯುತ್ತದೆ, ಅದಕ್ಕೂ ಆದಾಯಕ್ಕೆ ತಕ್ಕ ಮೇಲ್ಮಿತಿ ಇದೆ. 2,000 ರೂ. ಮೀರಿದ ನಗದು ದಾನಕ್ಕೆ ವಿನಾಯಿತಿ ಇಲ್ಲ. ಬರೀ ರಸೀದಿ ಸಾಲದು. ಸಂಸ್ಥೆ ದಾನಿಗಳ ವಿವರವನ್ನು ಆದಾಯ ತೆರಿಗೆ ಇಲಾಖೆಗೆ ಸಲ್ಲಿಸಿದ ಮೇಲೆ ಬರುವ ಪ್ರಮಾಣಪತ್ರವೂ ಬೇಕು. ಪ್ಯಾನ್ ಮೊದಲೇ ಬರೆಸಿಕೊಳ್ಳಿ ಎಂದದ್ದು ಇದಕ್ಕೇ.

ಪ್ರಶ್ನೆ: ಲಂಡನ್ನಿನಲ್ಲಿರುವ ತಮ್ಮ, ಕ್ಯಾಲಿಫೋರ್ನಿಯಾದ ಮಗಳು ಇಬ್ಬರೂ ಅಲ್ಲಿಂದಲೇ ನಡೆದು ಹಣ ಕಳಿಸುತ್ತೇವೆ ಎನ್ನುತ್ತಿದ್ದಾರೆ. (ಉಡುಪಿ)

ಮೊದಲು ಕೇಳಬೇಕಾದ್ದು: ಅವರ ಪಾಸ್‌ಪೋರ್ಟ್ ಯಾವ ದೇಶದ್ದು? ಭಾರತದ ಪಾಸ್‌ಪೋರ್ಟ್ ಇರುವ ಅನಿವಾಸಿಗಳು ಸ್ವಂತ ಗಳಿಕೆಯಿಂದ ಬ್ಯಾಂಕಿನ ಮೂಲಕ ಕೊಟ್ಟದ್ದು ವಿದೇಶಿ ದೇಣಿಗೆಯಾಗುವುದಿಲ್ಲ. ಅಲ್ಲಿನ ಪೌರತ್ವ ಪಡೆದಿದ್ದರೆ, ಒಸಿಐ (ಸಾಗರೋತ್ತರ ಭಾರತೀಯ ಪ್ರಜೆ) ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆಯೇ. ಅಲ್ಲಿನ ಗೆಳೆಯರಿಂದ ಕೂಡಿಸಿದ ಹಣವೂ ಹಾಗೆಯೇ. ಅದನ್ನು ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಇರುವ ಸಂಸ್ಥೆ ಮಾತ್ರ, ಅದೂ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ನಿಗದಿತ ಖಾತೆಯಲ್ಲಿ ಮಾತ್ರ ಪಡೆಯಬಹುದು. 2020ರ ತಿದ್ದುಪಡಿಯ ನಂತರ ಆ ಸಂಸ್ಥೆ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಆದ್ದರಿಂದ ಹೊಲದಲ್ಲಿ ಕೆಲಸ ಮಾಡುವ ಸಂಸ್ಥೆಗೇ ನೋಂದಣಿ ಇದೆಯೇ ನೋಡಿ. ‘ನಮ್ಮ ಟ್ರಸ್ಟಿಗೆ ಕಳಿಸಿ, ನಾವು ಅವರಿಗೆ ಕೊಡುತ್ತೇವೆ’ ಎಂಬ ಮಾತಿಗೆ ಒಪ್ಪಬೇಡಿ.

ನಿಮ್ಮ ತಮ್ಮ ಬ್ರಿಟನ್ನಿನಲ್ಲಿ ನೋಂದಾಯಿತ ಧರ್ಮಾರ್ಥ ಸಂಸ್ಥೆಯ ಮೂಲಕ ನಡೆದರೆ ‘ಗಿಫ್ಟ್ ಏಡ್’ ಲಾಭವಿದೆ. ತೆರಿಗೆ ಕಟ್ಟುವ ಪ್ರಾಯೋಜಕರು 10 ಪೌಂಡ್ ಕೊಟ್ಟರೆ ಸರ್ಕಾರದಿಂದ ಎರಡೂವರೆ ಪೌಂಡ್ ಸೇರುತ್ತದೆ. ಪ್ರಾಯೋಜಕರು ಹಾಳೆಯಲ್ಲಿ ತಮ್ಮ ಪೂರ್ಣ ಹೆಸರು, ಮನೆ ವಿಳಾಸ, ಪೋಸ್ಟ್‌ಕೋಡ್ ತಾವೇ ತುಂಬಿ ಗುರುತು ಹಾಕಿರಬೇಕು. ಕನ್ನಡ ಕೂಟದವರು ‘ರಾಮಣ್ಣನ ಮನೆಯವರು’ ಎಂದು ಬರೆದುಕೊಂಡರೆ ಆ ಕಾಲುಭಾಗ ಹೋಯಿತು. ಅಮೆರಿಕದಲ್ಲಾದರೆ ಮಗಳು ಕೆಲಸ ಮಾಡುವ ಕಂಪನಿ ದಾನಕ್ಕೆ ಸಮನಾಗಿ ತಾನೂ ಕೊಡುತ್ತದೆಯೇ ಎಂದು ವಿಚಾರಿಸಲಿ. ಅನೇಕ ಕಂಪನಿಗಳಲ್ಲಿ ಈ ಸೌಲಭ್ಯವಿದೆ.

ಪ್ರಶ್ನೆ: ಒಂದು ಕೃಷಿ ಹೊಂಡಕ್ಕೆ ನಿಜವಾಗಿ ಏನೇನು ಬೇಕು? ನಮಗೆ ಕೃಷಿ ಗೊತ್ತಿಲ್ಲ, ಆದರೆ ಪ್ರಾಯೋಜಕರು ಕೇಳುತ್ತಾರೆ. (ಬೆಂಗಳೂರು)

ಇದು ಗೊತ್ತಿರಲೇಬೇಕು. ‘ರೈತರಿಗೆ ನೆರವಾಗಿ’ ಎಂದರೆ ನೂರು ಕೊಡುವವರು, ‘ಒಂದು ಎಕರೆಗೆ ಒಂದು ನೀರು ಉಳಿಸಿ’ ಎಂದರೆ ಐನೂರು ಕೊಡುತ್ತಾರೆ.

ಸಣ್ಣ ಹೊಂಡ ಮೇಲೆ 12 ಮೀಟರ್ ಉದ್ದ, 12 ಮೀಟರ್ ಅಗಲ, ಆಳ 3 ಮೀಟರ್. ಗೋಡೆ ನೆಟ್ಟಗಿರುವುದಿಲ್ಲ. ಒಂದಕ್ಕೆ ಒಂದು ಇಳಿಜಾರು ಕೊಡುತ್ತಾರೆ, ತಳ 6 ಮೀಟರ್ ಚೌಕಕ್ಕೆ ಇಳಿಯುತ್ತದೆ. ಹಾಗಾಗಿ ಹಿಡಿಯುವ ನೀರು 432 ಘನ ಮೀಟರ್ ಅಲ್ಲ, 252. ಅಂದರೆ ಎರಡೂವರೆ ಲಕ್ಷ ಲೀಟರ್. ಜಾಹೀರಾತುಗಳಲ್ಲಿ ಮೊದಲ ಲೆಕ್ಕ ಕಂಡರೆ ನಂಬಬೇಡಿ. ಒಂದು ಎಕರೆಗೆ 5 ಸೆಂ.ಮೀ. ನೀರು ಹಾಯಿಸಲು 2 ಲಕ್ಷ ಲೀಟರ್ ಬೇಕು. ಆವಿಯಾಗಿ ಹೋಗುವುದನ್ನು ಕಳೆದರೆ ಈ ಹೊಂಡ ಒಂದು ಎಕರೆಗೆ ಒಂದು ಸಲ ನೀರು ಕೊಡುತ್ತದೆ, ತುಂತುರು ನೀರಾವರಿಯಾದರೆ ಇನ್ನಷ್ಟು ದೂರ ಹೋಗುತ್ತದೆ. ಒಂದೇ ಸಲವೇ ಎನ್ನಬೇಡಿ. ರಾಗಿ ತೆನೆ ಕಟ್ಟುವಾಗ, ತೊಗರಿ ಹೂ ಬಿಟ್ಟಾಗ ಮಳೆ ಇಪ್ಪತ್ತು ದಿನ ತಡೆದರೆ ಆ ಒಂದು ನೀರಿನ ಮೇಲೆ ಇಡೀ ಬೆಳೆ ನಿಂತಿರುತ್ತದೆ. 21 ಮೀಟರ್ ಚೌಕದ ಹೊಂಡವಾದರೆ 9.8 ಲಕ್ಷ ಲೀಟರ್, ಆದರೆ ಅದು ಒಂದು ಗುಂಟೆಯಲ್ಲ, ನಾಲ್ಕು ಗುಂಟೆಗೂ ಹೆಚ್ಚು ನೆಲ ನುಂಗುತ್ತದೆ. ಎರಡು ಎಕರೆಯ ರೈತರು ಒಪ್ಪುವುದು ಕಷ್ಟ.

ಖರ್ಚಿನ ಲೆಕ್ಕ ಹೀಗೆ ಮಾಡಿ. ಮೆದು ಮಣ್ಣಿನಲ್ಲಿ ಜೆಸಿಬಿ ಗಂಟೆಗೆ ಸುಮಾರು 20ರಿಂದ 25 ಘನ ಮೀಟರ್ ತೆಗೆಯುತ್ತದೆ. 252ಕ್ಕೆ 12 ಗಂಟೆ. ಊರಿನ ಬಾಡಿಗೆ ಗಂಟೆಗೆ 1,300 ಎಂದಿಟ್ಟುಕೊಂಡರೆ 15,600 ರೂಪಾಯಿ. ಗೊರಚು ಅಥವಾ ಬಂಡೆ ಸಿಕ್ಕರೆ ಈ ಲೆಕ್ಕ ತಲೆಕೆಳಗು. ಅದಕ್ಕೇ ಮೊದಲು ಎರಡು ಕಡೆ ಮೂರು ಮೀಟರ್ ಗುಂಡಿ ತೆಗೆಸಿ ನೋಡಬೇಕು. ಎರೆಮಣ್ಣಿನಲ್ಲಿ ನೀರು ಇಂಗದಂತೆ ಹಾಸುವ ಪ್ಲಾಸ್ಟಿಕ್ ಹಾಳೆ ಬೇಡ. ಕೆಂಪು ಮಣ್ಣಿನಲ್ಲಿ 500 ಮೈಕ್ರಾನ್ ದಪ್ಪದ ಹಾಳೆ ಹಾಸದಿದ್ದರೆ ವಾರದಲ್ಲಿ ನೀರು ಇಂಗಿ ಹೋಗುತ್ತದೆ. ಈ ಅಳತೆಗೆ ಅಂಚು ಹೂಳುವುದೂ ಸೇರಿ ಸುಮಾರು 240 ಚದರ ಮೀಟರ್ ಹಾಳೆ ಬೇಕು. ಚದರ ಮೀಟರಿಗೆ 100 ರೂ. ಆದರೆ 24,000. ಜೊತೆಗೆ ಸುತ್ತ 64 ಮೀಟರ್ ಬೇಲಿ. ಬೇಲಿಯನ್ನು ಉಳಿತಾಯದ ಬಾಬತ್ತು ಮಾಡಬೇಡಿ. ಹಾಳೆ ಹಾಸಿದ ಇಳಿಜಾರು ಪಾಚಿ ಕಟ್ಟಿ ಜಾರುತ್ತದೆ, ಬಿದ್ದ ಮಗು ಹತ್ತಿ ಬರಲಾಗದು. ಬೇಲಿಯಿಲ್ಲದ ಹೊಂಡಗಳಲ್ಲಿ ಮಕ್ಕಳು ಸತ್ತ ಸುದ್ದಿ ರಾಜ್ಯದಲ್ಲಿ ಪದೇ ಪದೇ ಬರುತ್ತಿದೆ. ಒಂದು ಮೂಲೆಯಲ್ಲಿ ಗಂಟು ಹಾಕಿದ ಹಗ್ಗ ಕಟ್ಟಿ ಒಳಗೆ ಇಳಿಬಿಡಿಸಿ.

ಕೆಡುವುದು ಎಲ್ಲಿ? ಬಹುಪಾಲು ಜಾಗದ ಆಯ್ಕೆಯಲ್ಲಿ. ರೈತರು ಉಪಯೋಗಕ್ಕೆ ಬಾರದ ಮೇಲಿನ ಮೂಲೆ ತೋರಿಸುತ್ತಾರೆ, ಸಂಸ್ಥೆಯವರು ಬೇಗ ಮುಗಿದರೆ ಸಾಕೆಂದು ತೋಡಿಬಿಡುತ್ತಾರೆ, ಹರಿದ ನೀರೆಲ್ಲ ಕೆಳಗೆ ಹೋಗುತ್ತದೆ. ಹೊಂಡ ಹೊಲದ ತಗ್ಗಿನಲ್ಲಿರಬೇಕು, ಮೇಲೆ ಸಾಕಷ್ಟು ಜಲಾನಯನ ಇರಬೇಕು. ಎರಡೂವರೆ ಎಕರೆಯ ಮೇಲೆ 50 ಮಿ.ಮೀ. ಮಳೆ ಬಿದ್ದು ಐದರಲ್ಲೊಂದು ಪಾಲು ಹರಿದು ಬಂದರೆ ಒಂದು ಲಕ್ಷ ಲೀಟರ್. ಅಂಥ ಎರಡು ಮೂರು ಮಳೆಯಾದರೆ ಹೊಂಡ ತುಂಬುತ್ತದೆ. ಎರಡನೆಯದು ಹೂಳು. ನೀರು ಒಳಬರುವಲ್ಲಿ 2 ಮೀಟರ್ ಉದ್ದ, 1 ಮೀಟರ್ ಅಗಲ, 1 ಮೀಟರ್ ಆಳದ ಗುಂಡಿ ತೆಗೆದು ಕಲ್ಲು ಕಟ್ಟಿಸದಿದ್ದರೆ ಕೆಲವೇ ವರ್ಷದಲ್ಲಿ ತಳ ತುಂಬುತ್ತದೆ. ಮೂರನೆಯದು ಹಾಳೆ. ಬೇರು, ಚೂಪು ಕಲ್ಲು ತೆಗೆಯದೆ ಹಾಸಿದರೆ ಮೊದಲ ತುಂಬಿಗೇ ತೂತು. ನಡು ಬಿಸಿಲಲ್ಲಿ ಬಿಗಿಯಾಗಿ ಎಳೆದು ಹಾಸಿದರೆ ರಾತ್ರಿ ತಂಪಿಗೆ ಕುಗ್ಗಿ ಬೆಸುಗೆ ಬಿಡುತ್ತದೆ. ಬೆಳಿಗ್ಗೆ ಸಡಿಲವಾಗಿ ಹಾಸಿ, ಅಂಚನ್ನು ಅರ್ಧ ಮೀಟರ್ ಆಳದ ಕಾಲುವೆಯಲ್ಲಿ ಹೂಳಬೇಕು.

ರಾಜ್ಯದ ಕೃಷಿ ಭಾಗ್ಯ ಯೋಜನೆಯಲ್ಲಿ ಹೊಂಡಕ್ಕೆ ಸಹಾಯಧನವಿದೆ. ಹಾಗಾದರೆ ನಡಿಗೆಯ ಹಣ ಎಲ್ಲಿ ಬೇಕು? ರೈತರು ಕೈಯಿಂದ ಹಾಕಬೇಕಾದ ಪಾಲಿಗೆ, ಸಹಾಯಧನ ಸಿಗದಿದ್ದರೆ ಬೇಲಿಗೆ, ಐದಾರು ಮಂದಿ ಸೇರಿ ಬಳಸುವ ಒಂದು ಡೀಸೆಲ್ ಪಂಪಿಗೆ. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಆ ವರ್ಷದ ಗುರಿ, ಅರ್ಜಿಯ ಸ್ಥಿತಿ ಕೇಳಿಕೊಂಡು ಹೊರಡಿ. ಇಲಾಖೆ ಕೊಡುವುದಕ್ಕೇ ಮತ್ತೆ ನೀವೂ ಸುರಿಯಬೇಕಿಲ್ಲ.

ಪ್ರಶ್ನೆ: ನಮ್ಮಲ್ಲಿ ಕೂಡಿದ್ದು 40,000 ಮಾತ್ರ. ನೂರು ರೈತರಿಗೆ ಹಂಚಿಬಿಡಲೇ? (ಹಾಸನ)

ಹಂಚಿದರೆ ತಲೆಗೆ 400. ಮಳೆಯಾಶ್ರಿತ ಬೆಳೆ ನಷ್ಟಕ್ಕೆ ವಿಪತ್ತು ಪರಿಹಾರ ನಿಧಿಯ 2022–26ರ ಮಾರ್ಗಸೂಚಿಯೇ ಹೆಕ್ಟೇರಿಗೆ 8,500 ಎಂದಿತ್ತು, ಅದೇ ಸಾಲದೆಂದು ಜನ ಹೇಳುತ್ತಿದ್ದಾಗ 400ಕ್ಕೆ ಅರ್ಥವಿಲ್ಲ. ಒಂದೂರು, ಒಂದು ಕೆಲಸ ಹಿಡಿಯಿರಿ.

ಒಂದು ದಾರಿ ಕೆರೆಹೂಳು. ಮಾರ್ಚ್‌ನಿಂದ ಮೇವರೆಗೆ ಕೆರೆ ಒಣಗಿದಾಗ ಹೂಳೆತ್ತಿ ಕೆಂಪು, ಮರಳು ಮಿಶ್ರಿತ ಹೊಲಗಳಿಗೆ ಹಾಕಿದರೆ ಮಣ್ಣು ತೇವ ಹಿಡಿಯುತ್ತದೆ. ಟ್ರ್ಯಾಕ್ಟರ್ ಗಾಡಿ ಒಂದು ಸಲಕ್ಕೆ ಸುಮಾರು 3 ಘನ ಮೀಟರ್ ಹೊರುತ್ತದೆ. ಎಕರೆಗೆ 40 ಗಾಡಿ ಎಂದರೆ ಹೊಲದ ತುಂಬ 3 ಸೆಂ.ಮೀ. ದಪ್ಪ. ನೀವು ಯಂತ್ರದ ಬಾಡಿಗೆ ಕೊಡಿ, ಸಾಗಣೆ ರೈತರದ್ದಿರಲಿ. ತಾವು ಖರ್ಚು ಮಾಡಿ ಹೊತ್ತ ಮಣ್ಣನ್ನು ಯಾರೂ ರಸ್ತೆ ಬದಿ ಬಿಸಾಡುವುದಿಲ್ಲ. ಎರೆಹೊಲಕ್ಕೆ ಹೂಳು ಬೇಡ. ಉಪ್ಪಿನಂಶ ಇದೆಯೇ ಎಂದು ಕೃಷಿ ವಿಜ್ಞಾನ ಕೇಂದ್ರದಲ್ಲಿ ಮೊದಲೇ ಪರೀಕ್ಷೆ ಮಾಡಿಸಿ. ಕೆರೆ ಯಾರ ಅಧೀನದಲ್ಲಿದೆಯೋ ಅವರ ಲಿಖಿತ ಅನುಮತಿ ಬೇಕು, ಗ್ರಾಮ ಪಂಚಾಯಿತಿಯೋ ಸಣ್ಣ ನೀರಾವರಿ ಇಲಾಖೆಯೋ ವಿಚಾರಿಸಿ. ಏರಿಯ ಬುಡದಲ್ಲಿ ತೋಡಲು ಬಿಡಬೇಡಿ, ಏರಿ ಸಡಿಲಾಗುತ್ತದೆ. ಹೂಳಿನ ಕೆಳಗೆ ಮರಳು ಕಂಡರೆ ಅಲ್ಲಿಗೆ ನಿಲ್ಲಿಸಿ. ಅದರಾಚೆಗಿನದು ಬೇರೆಯವರ ವ್ಯಾಪಾರ.

ಇನ್ನೊಂದು ದಾರಿ ಮರುಬಿತ್ತನೆಯ ಬೀಜ. ಜೂನ್‌ನಲ್ಲಿ ಬಿತ್ತಿದ್ದು ಮೊಳೆತು ಒಣಗಿದಾಗ ರೈತರ ಕೈಯಲ್ಲಿ ಬೀಜವೂ ಇರುವುದಿಲ್ಲ, ದುಡ್ಡೂ ಇರುವುದಿಲ್ಲ. ಆಗ ಊರಲ್ಲೇ ಬೇಗ ಕೊಯ್ಲಿಗೆ ಬರುವ ರಾಗಿ, ಹುರುಳಿ, ಅಲಸಂದೆ ದಾಸ್ತಾನಿದ್ದರೆ ಮುಂದಿನ ಹದ ಮಳೆಗೆ ಬಿತ್ತಬಹುದು. ರಾಗಿ ಕೂರಿಗೆಯಲ್ಲಿ ಎಕರೆಗೆ 4ರಿಂದ 5 ಕೆ.ಜಿ. ಸಾಕು, ಅಂದರೆ ಎರಡು ಕ್ವಿಂಟಲ್ ಬೀಜ ನಲವತ್ತು ಎಕರೆ ಮುಟ್ಟುತ್ತದೆ. ಹುರುಳಿ ಆಗಸ್ಟ್ ಕೊನೆ, ಸೆಪ್ಟೆಂಬರ್‌ಗೂ ಒಗ್ಗುತ್ತದೆ, ಕಾಳು ಕೈಕೊಟ್ಟರೂ ದನಕ್ಕೆ ಮೇವು. ಕೊಳ್ಳುವ ಮುಂಚೆ ಒದ್ದೆ ಬಟ್ಟೆಯಲ್ಲಿ ನೂರು ಕಾಳು ಕಟ್ಟಿಟ್ಟು ಎಷ್ಟು ಮೊಳೆಯುತ್ತದೆ ನೋಡಿ. ಬೀಜ ಪಡೆದವರು ಸುಗ್ಗಿಯಲ್ಲಿ ಒಂದಕ್ಕೆ ಒಂದೂವರೆ ಹಿಂತಿರುಗಿಸುವ ಕರಾರಿದ್ದರೆ ದಾಸ್ತಾನು ಬರಿದಾಗದು.

ಪ್ರಶ್ನೆ: ಒಂದು ಕಿಲೋಮೀಟರಿಗೆ ಒಂದು ಸಸಿ ಎಂದು ಘೋಷಿಸಿದರೆ ಆಕರ್ಷಕವಲ್ಲವೇ? (ಮಂಗಳೂರು)

ಆಕರ್ಷಕ ಹೌದು. ಯಾರ ಹೊಲದಲ್ಲಿ, ಎರಡು ಬೇಸಿಗೆ ಯಾರು ನೀರು ಹಾಕುತ್ತಾರೆ, ಮೇಕೆಯಿಂದ ಯಾರು ಕಾಯುತ್ತಾರೆ ಎಂಬ ಮೂರಕ್ಕೆ ಉತ್ತರ ಇದ್ದರೆ ಮಾಡಿ. ಬದುವಿನ ಮೇಲೆ ಬೇವು, ಹೊಂಗೆ, ಹುಣಸೆಯಂಥದ್ದನ್ನು ರೈತರೇ ಆರಿಸಿ ಕೇಳಿದರೆ ಬದುಕುತ್ತವೆ.

ಪ್ರಶ್ನೆ: ಬರ ಈ ನಾಡಿಗೆ ಹೊಸದೇ? ಎಲ್ಲದಕ್ಕೂ ಹವಾಮಾನ ಬದಲಾವಣೆ ಎನ್ನುವುದು ಫ್ಯಾಷನ್ ಆಗಿಲ್ಲವೇ? (ಧಾರವಾಡ)

ಬರ ಹೊಸದಲ್ಲ. 1876ರಿಂದ 78ರವರೆಗಿನ ಮಹಾಕ್ಷಾಮದಲ್ಲಿ ಮೈಸೂರು ಸೀಮೆ ಪಟ್ಟ ಪಾಡು ಇತಿಹಾಸದಲ್ಲಿದೆ. ಒಂದು ವರ್ಷದ ಮಳೆ ಕೊರತೆಯನ್ನೇ ಹವಾಮಾನ ಬದಲಾವಣೆಯ ಪುರಾವೆ ಎಂದು ಭಿತ್ತಿಪತ್ರದಲ್ಲಿ ಬರೆಯಬೇಡಿ, ನಿಮ್ಮ ಆಕ್ಷೇಪ ಅಷ್ಟರಮಟ್ಟಿಗೆ ಸರಿ. ಆದರೆ ಬದಲಾಗುತ್ತಿರುವುದು ಮಳೆಯ ಮೊತ್ತಕ್ಕಿಂತ ಅದರ ನಡೆ. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು. ಹಾಗಾಗಿ ಸುರಿದರೆ ಒಮ್ಮೆಲೇ ಸುರಿಯುತ್ತದೆ, ನಡುವಿನ ಬಿಡುವು ಉದ್ದವಾಗುತ್ತದೆ, ಬಿಡುವಿನಲ್ಲಿ ಮಣ್ಣು ಬೇಗ ಒಣಗುತ್ತದೆ. 2019ರಲ್ಲಿ ಬೇಸಿಗೆವರೆಗೆ ಬರ ಎಂದು ಕೂತಿದ್ದ ಬೆಳಗಾವಿ, ಬಾಗಲಕೋಟೆ ಕಡೆಯ ಊರುಗಳು ಆಗಸ್ಟ್‌ನಲ್ಲಿ ನೆರೆಯಲ್ಲಿ ಮುಳುಗಿದವು. 2023ರ ಆಗಸ್ಟ್ ದೇಶದಲ್ಲಿ 1901ರಿಂದೀಚೆಗಿನ ಅತಿ ಒಣ ಆಗಸ್ಟ್. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಹೊಂಡ, ಬದು, ಮರುಬಿತ್ತನೆ ಬೀಜ ಎಂದು ಮೇಲೆ ಹೇಳಿದ್ದೆಲ್ಲ ಈ ‘ಬಿಡುವು’ ದಾಟಿಸುವ ಉಪಾಯಗಳೇ. ಕಾರಣದ ಬಗ್ಗೆ ನಿಮಗೆ ಅನುಮಾನ ಉಳಿದರೂ ಕೆಲಸ ಬದಲಾಗುವುದಿಲ್ಲ.

ಪ್ರಶ್ನೆ: ನನಗೆ 58 ವರ್ಷ, ಸಕ್ಕರೆ ಕಾಯಿಲೆಗೆ ಮಾತ್ರೆ ಇದೆ. ಕಲಬುರಗಿಯಲ್ಲಿ ತಿಂಗಳು ಪೂರ್ತಿ ದಿನಕ್ಕೆ 5 ಕಿ.ಮೀ. ನಡೆಯಬಹುದೇ? (ಕಲಬುರಗಿ)

ವೈದ್ಯರನ್ನು ಕೇಳಿಯೇ ಶುರುಮಾಡಿ, ಮಾತ್ರೆಯ ಹೆಸರು ಹೇಳಿ. ಕೆಲವು ಮಾತ್ರೆಗಳು ಮತ್ತು ಇನ್ಸುಲಿನ್ ನಡಿಗೆಯ ಜೊತೆ ಸೇರಿ ಸಕ್ಕರೆಯನ್ನು ಅತಿಯಾಗಿ ಇಳಿಸುತ್ತವೆ. ಜೇಬಿನಲ್ಲಿ 15 ಗ್ರಾಂ ಗ್ಲೂಕೋಸ್ ಪುಡಿ, ಅಂದರೆ ಮೂರು ಚಮಚೆಯಷ್ಟು, ಇರಲಿ. ನಡುಕ, ತಣ್ಣನೆ ಬೆವರು, ತಲೆ ಸುತ್ತು ಬಂದರೆ ತಕ್ಷಣ ತಿಂದು ಕೂತು, 15 ನಿಮಿಷದ ನಂತರ ಮತ್ತೆ ನೋಡಿಕೊಳ್ಳಿ. ಅಂದಿನ ನಡಿಗೆ ಅಲ್ಲಿಗೆ ಮುಗಿಯಿತು. ರಾತ್ರಿ ಎರಡೂ ಪಾದ, ಬೆರಳ ಸಂದು ಬೆಳಕಿನಲ್ಲಿ ಪರೀಕ್ಷಿಸಿ, ಬರಿಗಾಲಿನಲ್ಲಿ ಹರಕೆಯ ನಡಿಗೆ ಬೇಡವೇ ಬೇಡ. ಈಗ ದಿನಕ್ಕೆ 2 ಕಿ.ಮೀ. ನಡೆಯುತ್ತಿದ್ದರೆ ವಾರಕ್ಕೆ ಹತ್ತರಲ್ಲೊಂದು ಪಾಲಿನಂತೆ ಏರಿಸಿ. ಐದಕ್ಕೆ ಬರಲು ಎರಡೂವರೆ ತಿಂಗಳು ಬೇಕು.

ಏಪ್ರಿಲ್, ಮೇನಲ್ಲಿ ನಿಮ್ಮೂರಿನಲ್ಲಿ ಯಾರೂ ನಡಿಗೆ ಇಟ್ಟುಕೊಳ್ಳಬಾರದು. ಇಟ್ಟರೆ ಬೆಳಿಗ್ಗೆ ಏಳೂವರೆಯೊಳಗೆ ಮುಗಿಸಿ. ಸಾಮೂಹಿಕ ನಡಿಗೆಯ ದಾರಿಯಲ್ಲಿ ಬರೀ ನೀರಲ್ಲ, ಓಆರ್‌ಎಸ್ ಇರಲಿ. ಪೊಟ್ಟಣ ಸಿಗದಿದ್ದರೆ ಒಂದು ಲೀಟರಿಗೆ ಮಟ್ಟಸ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. (ಸಕ್ಕರೆ ಕಾಯಿಲೆಯವರು ಇದನ್ನೂ ವೈದ್ಯರನ್ನು ಕೇಳಿ ಕುಡಿಯಲಿ.) ಯಾರಾದರೂ ತಡವರಿಸಿ ಮಾತಾಡಿದರೆ, ಮೈ ಸುಡುತ್ತಿದ್ದರೆ ನೆರಳಿಗೆ ಒಯ್ದು ಮೈಮೇಲೆ ನೀರು ಸುರಿದು ಗಾಳಿ ಬೀಸುತ್ತ 108ಕ್ಕೆ ಕರೆ ಮಾಡಿ. ಪ್ರಜ್ಞೆ ಮಸುಕಾದವರ ಬಾಯಿಗೆ ನೀರು ಹಾಕಬೇಡಿ.

ಪ್ರಶ್ನೆ: ಮೂರನೇ ದಿನಕ್ಕೇ ಅಂಗಾಲಿನಲ್ಲಿ ಬೊಬ್ಬೆ. (ಶಿವಮೊಗ್ಗ)

ಹೊಸ ಶೂ, ಹತ್ತಿಯ ಕಾಲುಚೀಲ, ಬೆವರು ಮೂರೂ ಸೇರಿದರೆ ಹೀಗೆಯೇ. ಹತ್ತಿ ಒದ್ದೆಯಾದರೆ ಒಣಗುವುದಿಲ್ಲ, ಪಾಲಿಯೆಸ್ಟರ್ ಅಥವಾ ಉಣ್ಣೆ ಮಿಶ್ರಿತದ್ದು ತೊಡಿ. ಶೂ ಸಂಜೆ ಹೊತ್ತು, ಕಾಲು ಸ್ವಲ್ಪ ಊದಿರುವಾಗ ಕೊಳ್ಳಿ. ಉಜ್ಜುವ ಕಡೆ ಮೊದಲೇ ವ್ಯಾಸಲೀನ್ ಹಚ್ಚಿ ಅಥವಾ ಟೇಪ್ ಅಂಟಿಸಿ. ಎದ್ದ ಬೊಬ್ಬೆಯ ಚರ್ಮ ಕೀಳಬೇಡಿ.

ಪ್ರಶ್ನೆ: ಶಾಲಾ ಮಕ್ಕಳನ್ನು ಸೇರಿಸಿಕೊಳ್ಳಬಹುದೇ? (ಮಂಡ್ಯ)

ಮೈದಾನದ ಸುತ್ತು ಎಣಿಸುವ ನಡಿಗೆ ಮಾಡಿ, ರಸ್ತೆಗಿಳಿಸಬೇಡಿ. ಪ್ರಾಯೋಜಕರು ಮನೆಯವರು ಮಾತ್ರ, ಅಪರಿಚಿತರ ಬಾಗಿಲು ಬಡಿಯುವಂತಿಲ್ಲ. ಯಾವ ಮಗು ಎಷ್ಟು ತಂದಿತೆಂದು ತರಗತಿಯಲ್ಲಿ ಓದಬೇಡಿ, ಒಟ್ಟು ಮೊತ್ತ ಮಾತ್ರ ಹೇಳಿ. ದೊಡ್ಡವರ ನಡಿಗೆ ಸಾರ್ವಜನಿಕ ರಸ್ತೆಯಲ್ಲಿದ್ದರೆ ದಾರಿ, ಸಮಯ, ಜನಸಂಖ್ಯೆ ಬರೆದು ಠಾಣೆಗೂ ಸಂಚಾರ ಪೊಲೀಸರಿಗೂ ಮುಂಚೆಯೇ ಅರ್ಜಿ ಕೊಡಿ. ಧ್ವನಿವರ್ಧಕಕ್ಕೆ ಪ್ರತ್ಯೇಕ ಅನುಮತಿ.

ಪ್ರಶ್ನೆ: ನಾನು ರೈತ. ಪೇಟೆಯವರು ನಮ್ಮ ಹೆಸರಲ್ಲಿ ನಡೆದು ಹಣ ಎತ್ತುತ್ತಾರೆ. ನಮ್ಮೂರಿಗೆ ಬಂದು ಪಹಣಿ, ಆಧಾರ್ ನಕಲು ಕೇಳುತ್ತಿದ್ದಾರೆ. ಕೊಡಬಹುದೇ? (ಜಗಳೂರು)

ಕೊಡುವ ಮುಂಚೆ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ: ಯಾವ ಕೆಲಸ, ಯಾವ ಸರ್ವೆ ನಂಬರಿನಲ್ಲಿ, ಎಷ್ಟು ಅಳತೆ, ಅವರ ಪಾಲೆಷ್ಟು, ನಿಮ್ಮ ಪಾಲೆಷ್ಟು, ಯಾವ ದಿನಾಂಕದೊಳಗೆ. ಕೆಳಗೆ ಸಂಸ್ಥೆಯ ಮೊಹರು, ಸಹಿ. ಆಧಾರ್ ಬದಲು ಮೊದಲ ಎಂಟು ಅಂಕೆ ಮುಚ್ಚಿದ ಆಧಾರ್ ನಕಲು ಸಾಕು. ನಕಲಿನ ಮೇಲೆ ಅಡ್ಡಲಾಗಿ ‘ಕೃಷಿ ಹೊಂಡ ಕೆಲಸಕ್ಕೆ ಮಾತ್ರ’ ಎಂದು, ದಿನಾಂಕ ಹಾಕಿ ಬರೆಯಿರಿ. ಖಾಲಿ ಹಾಳೆಗೆ, ಇಂಗ್ಲಿಷ್ ಮಾತ್ರ ಇರುವ ಹಾಳೆಗೆ ಸಹಿ ಬೇಡ. ಫೋಟೊ, ವಿಡಿಯೊ ನಿಮ್ಮ ಒಪ್ಪಿಗೆಯ ಮೇಲೆ, ಚೆಕ್ ಹಿಡಿದು ನಿಲ್ಲುವುದು ಕಡ್ಡಾಯವಲ್ಲ. ತೋಡಿದ ದಿನ ಟೇಪು ಹಿಡಿದು ಮೇಲೆ, ತಳದಲ್ಲಿ, ಆಳದಲ್ಲಿ ನೀವೇ ಅಳೆಯಿರಿ. 3 ಮೀಟರ್ ಎಂದು ಬಿಲ್ಲು ಬರೆದು ಎರಡಕ್ಕೆ ನಿಲ್ಲಿಸುವುದು ಸಾಮಾನ್ಯ.

ನಡಿಗೆ ಏರ್ಪಡಿಸುವವರಿಗೂ ಇದರಲ್ಲಿ ಒಂದು ಮಾತಿದೆ. ಪಹಣಿ ಕೇಳಿದ ಕೂಡಲೇ ಕೋರು, ಗುತ್ತಿಗೆಗೆ ಉಳುವವರು ಮತ್ತು ಗಂಡನ ಹೆಸರಿನ ಹೊಲ ನೋಡಿಕೊಳ್ಳುವ ಹೆಂಗಸರು ಪಟ್ಟಿಯಿಂದ ಬಿದ್ದುಹೋಗುತ್ತಾರೆ. ಹೊಂಡಕ್ಕೆ ಪಹಣಿ ಬೇಕು, ಬೀಜಕ್ಕೆ ಬೇಡ. ಬೀಜದ ಪಟ್ಟಿಯನ್ನು ಯಾರು ಬಿತ್ತುತ್ತಾರೋ ಅವರ ಹೆಸರಿನಲ್ಲೇ, ಊರ ಕಟ್ಟೆಯಲ್ಲಿ ಎಲ್ಲರ ಮುಂದೆ ಬರೆಯಿರಿ.